ಖಾಲಿ ಲಾರಿಯ ತೂಕ

ನಮ್ಮ ಭಾಗದ ಒಂದು ಊರಿನಲ್ಲಿ, ಕೆಲವು ವರ್ಷಗಳ ಹಿಂದೆ, ಪರಿಸರ ಅಹವಾಲು ಸಭೆ ನಡೆದಿತ್ತು. ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ವೇದಿಕೆಯ ಮೇಲೆ ಅಧಿಕಾರಿಗಳು, ಕೆಳಗೆ ಕುರ್ಚಿಗಳಲ್ಲಿ ಊರ ಹಿರಿಯರು, ಹಿಂದೆ ನಿಂತ ಹೆಂಗಸರು, ಹುಡುಗರು. ಸಮೀಪದ ಸುಣ್ಣದಕಲ್ಲಿನ ಗಣಿಯೊಂದನ್ನು ದೊಡ್ಡದು ಮಾಡುವ ವಿಚಾರ. ಎಷ್ಟು ಮಂದಿಗೆ ನೌಕರಿ, ಎಕರೆಗೆ ಎಷ್ಟು ರೇಟು ಎಂಬ ಮಾತೇ ಹೆಚ್ಚು ನಡೆಯಿತು. ಕೊನೆಗೆ ಎಪ್ಪತ್ತು ದಾಟಿದ ಮುತ್ಯಾ ಒಬ್ಬರು ಮೈಕಿನ ಮುಂದೆ ಬಂದು ನಿಂತರು.

"ಸಾಹೇಬ್ರ, ನಮ್ ಬಾವ್ಯಾಗ ಯುಗಾದಿಗಿ ಸೈತ ಏಳನೇ ಮೆಟ್ಟಲಿಗಿ ನೀರ ಇರ್ತಿತ್ರಿ. ಈಗ ತಳದಾಗ ಬರೀ ಕಲ್ಲ ಕಾಣ್ತಾವ."

ಅಧಿಕಾರಿ ಒಳ್ಳೆಯವರೇ. ತಾಳ್ಮೆಯಿಂದ ಕೇಳಿದರು: "ಏಳನೇ ಮೆಟ್ಟಿಲಿಗೆ ಇದ್ದದ್ದು ಯಾವ ವರ್ಷ, ಯಜಮಾನ್ರೇ? ಎಲ್ಲಾದರೂ ಬರೆದಿಟ್ಟೀರಾ?"

ಮುತ್ಯಾ ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು. "ನಮ್ಮ ಮಾಸ್ತರ್ರು ಅದಾರಲ್ರಿ. ಸೈನ್ಸ್ ಹೇಳತಾರ. ಅವರಿಗಿ ಗೊತ್ತದ" ಎಂದರು.

ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ವರ್ನಿಯರ್ ಕ್ಯಾಲಿಪರಿನಿಂದ ಗೋಲಿಯ ವ್ಯಾಸ ಅಳೆಯುವುದನ್ನು ಕಲಿಸಿದವನು ನಾನು. ಮಿಲಿಮೀಟರಿನ ಹತ್ತನೆಯ ಒಂದು ಭಾಗ ತಪ್ಪಿದರೂ ಅಂಕ ಕತ್ತರಿಸಿದವನು. ಆದರೆ ಶಾಲೆಯಿಂದ ಕಲ್ಲೆಸೆತದ ದೂರದಲ್ಲಿದ್ದ ಆ ಬಾವಿಗೆ ಒಂದು ದಿನ ಒಂದು ಹಗ್ಗ ಇಳಿಬಿಟ್ಟು ನೋಡಿರಲಿಲ್ಲ. "ಹೌದು ಸರ್, ಹಿಂದೆ ನೀರು ಚೆನ್ನಾಗಿತ್ತು" ಎಂದಷ್ಟೇ ಹೇಳಿ ಕುಳಿತೆ. ಸಭೆಯ ನಡಾವಳಿಯಲ್ಲಿ ಮುತ್ಯಾನ ಮಾತು "ಅಂತರ್ಜಲದ ಬಗ್ಗೆ ಗ್ರಾಮಸ್ಥರು ಆತಂಕ ವ್ಯಕ್ತಪಡಿಸಿದರು" ಎಂಬ ಒಂದು ಸಾಲಾಗಿ ಉಳಿಯಿತು. ಏಳನೇ ಮೆಟ್ಟಿಲು ಹೋಗಿ ಆತಂಕ ಬಂದಿತ್ತು.

ಮುತ್ಯಾ ಸುಳ್ಳು ಹೇಳಿರಲಿಲ್ಲ. ಅಧಿಕಾರಿ ತಪ್ಪು ಕೇಳಿರಲಿಲ್ಲ. ನಡುವೆ ಇರಬೇಕಾಗಿದ್ದ ಒಂದು ಹಾಳೆ ಇರಲಿಲ್ಲ, ಅಷ್ಟೆ. ಈ ವಾರ ಆ ಹಾಳೆಯ ಬಗ್ಗೆ ನಾಲ್ಕು ಮಾತು.

*

ವಾಡಿ, ಶಹಾಬಾದ, ಸೇಡಂ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನಮ್ಮಲ್ಲಿ ದಿನ ಬೆಳಗಾದರೆ ಲಾರಿಗಳು ಕಾಂಟಾದ ಮುಂದೆ ಸಾಲುಗಟ್ಟುತ್ತವೆ. ಲಾರಿ ಖಾಲಿ ಇದ್ದಾಗ ಒಮ್ಮೆ ತೂಗಬೇಕು. ತುಂಬಿದ ಮೇಲೆ ಇನ್ನೊಮ್ಮೆ ತೂಗಬೇಕು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಸರಕಿನ ತೂಕ ಸಿಗುತ್ತದೆ. ತೊಗರಿ ಮಾರಲು ಹೋದ ರೈತನಿಗೆ ವ್ಯಾಪಾರಿ, "ಖಾಲಿ ಲಾರಿ ತೂಗೋದು ಬ್ಯಾಡ, ಅಂದಾಜಿನ ಮ್ಯಾಲ ಹಿಡಿಯೋಣ" ಎಂದರೆ ಆತ ಅಲ್ಲಿಂದ ಎದ್ದು ಹೋಗುತ್ತಾನೆ. ತೊಗರಿಯ ವಿಷಯದಲ್ಲಿ ಇಷ್ಟು ಜಾಣರಾದ ನಾವು ನೀರು, ಗಾಳಿ, ಮಣ್ಣಿನ ವಿಷಯದಲ್ಲಿ ಮಾತ್ರ ಖಾಲಿ ಲಾರಿಯನ್ನು ತೂಗಿಸದೇ ಬಿಟ್ಟೆವು.

ಒಂದು ಕಾರ್ಖಾನೆ, ಒಂದು ಗಣಿ, ಒಂದು ಎಣ್ಣೆ ಬಾವಿ ಬರುವ ಮೊದಲು ಆ ಜಾಗದ ನೀರಿನ ಮಟ್ಟ ಎಷ್ಟು, ನೀರಿನಲ್ಲಿ ಏನಿದೆ, ಗಾಳಿಯಲ್ಲಿ ದೂಳೆಷ್ಟು, ಯಾವ ಗಿಡ, ಯಾವ ಪ್ರಾಣಿ, ಜನರ ಆರೋಗ್ಯ ಹೇಗೆ ಎಂದು ಅಳೆದು ಬರೆದಿಡುವುದಕ್ಕೆ ತಜ್ಞರು ಬೇಸ್‌ಲೈನ್ ಅಧ್ಯಯನ ಎನ್ನುತ್ತಾರೆ. ಕನ್ನಡದಲ್ಲಿ ಮೂಲಸ್ಥಿತಿ ಅಧ್ಯಯನ ಎನ್ನಬಹುದು. ನಾನು ತರಗತಿಯಲ್ಲಿ ಖಾಲಿ ಲಾರಿಯ ತೂಕ ಎಂದೇ ಹೇಳುತ್ತೇನೆ. ಮಕ್ಕಳು ಮರೆಯುವುದಿಲ್ಲ.

ಈಗ ಇದೇಕೆ ನೆನಪಾಯಿತೆಂದರೆ, ಕಲ್ಲಿದ್ದಲು, ಪೆಟ್ರೋಲಿಯಂ ಪಾಠ ನಡೆಯುವಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ನಮ್ ಕಡಿ ಪೆಟ್ರೋಲ್ ಸಿಗತದೇನ್ರಿ?" ತರಗತಿ ನಕ್ಕಿತು. ನಾನು ನಗಲಿಲ್ಲ. ಏಕೆಂದರೆ ಪ್ರಶ್ನೆ ಅಷ್ಟು ಹುಚ್ಚುತನದ್ದಲ್ಲ.

ಕೇಂದ್ರ ಸರ್ಕಾರದ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ ದೇಶದಲ್ಲಿ ಒಟ್ಟು 26 ಜಲಜಶಿಲಾ ಪ್ರದೇಶಗಳನ್ನು ಗುರುತಿಸಿದೆ. ಅಂದರೆ ಹಿಂದೊಮ್ಮೆ ಕಡಲಿನ ಕೆಸರು ಪದರ ಪದರವಾಗಿ ಕೂತು ಕಲ್ಲಾದ ಜಾಗಗಳು. ಎಣ್ಣೆ, ಅನಿಲ ಹುಡುಕುವವರು ಮೊದಲು ನೋಡುವುದು ಇಂಥ ಕಡೆಗೇ. ಆ 26ರಲ್ಲಿ ಭೀಮಾ-ಕಲಾದಗಿ ಪ್ರದೇಶವೂ ಒಂದು. ಭೀಮಾ ಪ್ರದೇಶ ಎಂದರೆ ಬೇರೆ ಯಾವುದೂ ಅಲ್ಲ, ನಾವು ನಿಂತ ನೆಲವೇ. ಮನೆ ಮನೆಗೆ ಹಾಸುವ ಶಹಾಬಾದಿ ಫರಸಿ, ವಾಡಿಯ ಸಿಮೆಂಟಿನ ಕಲ್ಲು, ಎಲ್ಲವೂ ಆ ಹಳೆಯ ಕಡಲಿನ ತಳ. ಭೂವಿಜ್ಞಾನದ ಪುಸ್ತಕಗಳಲ್ಲಿ ಒಂದು ಶಿಲಾಸಮೂಹಕ್ಕೆ ಸೇಡಮ್ಮಿನ ಹೆಸರಿದೆ, ಒಂದು ಸುಣ್ಣದಕಲ್ಲಿಗೆ ಶಹಾಬಾದಿನ ಹೆಸರಿದೆ.

ಇಲ್ಲಿ ಎಣ್ಣೆ ಸಿಕ್ಕಿಲ್ಲ. ಬಾಂಬೆ ಹೈ, ಅಸ್ಸಾಂ ಇರುವುದು ಮೊದಲ ದರ್ಜೆಯಲ್ಲಿ, ನಮ್ಮದು ಕೊನೆಯ ದರ್ಜೆಯಲ್ಲಿ. ನಾಳೆಯೇ ಯಾರೋ ಬಂದು ಕೊರೆಯುತ್ತಾರೆ ಎಂದು ಹೆದರಿಸುವುದೂ ನನ್ನ ಉದ್ದೇಶವಲ್ಲ. ಆದರೆ ನೆಲದ ಕೆಳಗಿನದನ್ನು ಹುಡುಕುವವರು ಈ ನೆಲಕ್ಕೆ ಬರುವುದು ಹೊಸದೇನಲ್ಲ. ಸುಣ್ಣದಕಲ್ಲಿಗೆ ಬಂದರು. ಇದೇ ಭೀಮಾ ಶಿಲಾಪ್ರದೇಶದ ಗೋಗಿಗೆ, ಈಗಿನ ಯಾದಗಿರಿ ಜಿಲ್ಲೆಗೆ, ಯುರೇನಿಯಂ ಹುಡುಕಿ ಬಂದರು. ಬಂದವರು ತಮಗೆ ಬೇಕಾದದ್ದನ್ನು ಅಳೆದೇ ಅಳೆಯುತ್ತಾರೆ. ನಮಗೆ ಬೇಕಾದದ್ದನ್ನು ಅಳೆದವರು ಯಾರು?

*

ಸಿಮೆಂಟಿನ ಕಥೆಯನ್ನೇ ನೋಡಿ. ಶಹಾಬಾದಿನಲ್ಲಿ ಸಿಮೆಂಟು ಶುರುವಾದದ್ದು ನಿಜಾಮರ ಕಾಲದಲ್ಲಿ, 1920ರ ದಶಕದಲ್ಲಿ. ವಾಡಿಯ ಕಾರ್ಖಾನೆ 1968ರದ್ದು. ಮಳಖೇಡ, ಸೇಡಂ ಕಾರ್ಖಾನೆಗಳು ಬಂದದ್ದು 1980ರ ದಶಕದಲ್ಲಿ. ಆದರೆ ನಮ್ಮ ದೇಶದಲ್ಲಿ ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ಅಂದಾಜು ಕಡ್ಡಾಯವಾದದ್ದು 1994ರ ಜನವರಿ 27ರ ಅಧಿಸೂಚನೆಯಿಂದ. ಭೋಪಾಲ ದುರಂತ 1984ರಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆ 1986ರಲ್ಲಿ, ಆ ಕಾಯ್ದೆಯಡಿ ಈ ಅಧಿಸೂಚನೆ ಬರಲು ಮತ್ತೆ ಎಂಟು ವರ್ಷ. ಅಷ್ಟರಲ್ಲಿ ನಮ್ಮಲ್ಲಿ ಚಿಮಣಿಗಳು ಎದ್ದು ನಿಂತಿದ್ದವು. ಅವರು ಅಳೆಯಲಿಲ್ಲ ಎಂದು ಇಂದು ಬಯ್ದು ಫಲವಿಲ್ಲ. ಅಳೆಯಿರಿ ಎಂದು ಹೇಳುವ ಕಾನೂನೇ ಆಗ ಇರಲಿಲ್ಲ. ಈ ಕಾರ್ಖಾನೆಗಳಿಂದ ಸಾವಿರಾರು ಮನೆಗಳಲ್ಲಿ ಒಲೆ ಉರಿದಿದೆ ಎಂಬುದೂ ನಿಜ. ನನ್ನ ಅನೇಕ ವಿದ್ಯಾರ್ಥಿಗಳ ಫೀಸು ಅಲ್ಲಿಂದಲೇ ಬಂದದ್ದು.

ತೊಂದರೆ ಶುರುವಾಗುವುದು ಆಮೇಲೆ. 1994ರ ಅಧಿಸೂಚನೆಯ ಜಾಗಕ್ಕೆ 2006ರ ಸೆಪ್ಟೆಂಬರ್ 14ರಂದು ಹೊಸದು ಬಂತು. ಎಲ್ಲೇ ಆಗಲಿ, ಹಳೆಯ ಗಣಿಯನ್ನು, ಹಳೆಯ ಕಾರ್ಖಾನೆಯನ್ನು ವಿಸ್ತರಿಸುವಾಗ ಮೂಲಸ್ಥಿತಿ ಅಳೆಯಬೇಕು. ಅಳೆಯುತ್ತಾರೆ. ಆದರೆ ಯಾವ ದಿನದ ಮೂಲಸ್ಥಿತಿ? ಇಂದಿನದು! ಆಗಲೇ ಐವತ್ತು ವರ್ಷ ದೂಳು ಕಂಡ ಗಾಳಿಯದ್ದು, ಆಗಲೇ ಇಳಿದ ಬಾವಿಯದ್ದು.

ಒಂದು ಲೆಕ್ಕ ಮಾಡೋಣ. ನಮ್ಮ ದೇಶದ 2009ರ ಮಾನದಂಡದಂತೆ ಗಾಳಿಯಲ್ಲಿ ಹತ್ತು ಮೈಕ್ರಾನಿಗಿಂತ ಸಣ್ಣ ದೂಳು ದಿನದ ಸರಾಸರಿಯಲ್ಲಿ ಘನಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದು. ಒಂದು ಊರಿನಲ್ಲಿ ಕಾರ್ಖಾನೆ ಬರುವ ಮೊದಲು ಅದು 40 ಇತ್ತು ಎಂದುಕೊಳ್ಳಿ. ಇಂದು 85 ಆಗಿದೆ. ವಿಸ್ತರಣೆಯಿಂದ ಇನ್ನೂ 5 ಸೇರುತ್ತದೆ. ವರದಿ ಏನು ಹೇಳುತ್ತದೆ? "ಮೂಲಸ್ಥಿತಿ 85, ಹೆಚ್ಚಳ ಕೇವಲ 5, ಒಟ್ಟು 90, ಮಿತಿಯೊಳಗಿದೆ." ಪ್ರತಿಯೊಂದು ಅಂಕಿಯೂ ಸರಿ. ಆದರೆ 40ರಿಂದ 85ರವರೆಗಿನ ದೂಳು ಯಾರ ಲೆಕ್ಕದಲ್ಲೂ ಇಲ್ಲ. ಅರ್ಧ ತುಂಬಿದ ಲಾರಿಯನ್ನು ಖಾಲಿ ಲಾರಿ ಎಂದು ತೂಗಿದ ಹಾಗೆ.

ಡೇನಿಯಲ್ ಪೌಲಿ ಎಂಬ ಮೀನುಗಾರಿಕೆಯ ವಿಜ್ಞಾನಿ 1995ರಲ್ಲಿ ಇದನ್ನು ಬೇರೆ ರೀತಿಯಲ್ಲಿ ಗುರುತಿಸಿದರು. ಪ್ರತಿ ಪೀಳಿಗೆಯವರೂ ತಾವು ಚಿಕ್ಕಂದಿನಲ್ಲಿ ಕಂಡದ್ದನ್ನೇ ಸಹಜ ಎಂದು ತಿಳಿಯುತ್ತಾರೆ. ಅದಕ್ಕೂ ಹಿಂದೆ ಕಳೆದುಹೋದದ್ದು ಅವರ ಅರಿವಿಗೇ ಬರುವುದಿಲ್ಲ. ಅವರು ಹೇಳಿದ್ದು ಸಮುದ್ರದ ಮೀನಿನ ಬಗ್ಗೆ. ಆದರೆ ನನ್ನ ವಿದ್ಯಾರ್ಥಿಗಳಿಗೆ ಬಾವಿ ಎಂದರೆ ಒಣ ಗುಂಡಿ ಎಂದೇ ಅರ್ಥವಾಗಿದೆ. ಅವರ ಮೂಲಸ್ಥಿತಿ ಅಲ್ಲಿಂದ ಶುರು.

*

ಎಣ್ಣೆಯ ವಿಷಯದಲ್ಲಿ ಈ ತಪ್ಪಿಗೆ ತೆತ್ತ ಬೆಲೆ ಇನ್ನೂ ದೊಡ್ಡದು. ಆಫ್ರಿಕದ ನೈಜೀರಿಯದಲ್ಲಿ, ನೈಜರ್ ನದಿ ಕಡಲು ಸೇರುವ ಜೌಗು ನೆಲದಲ್ಲಿ 1956ರಲ್ಲಿ ಎಣ್ಣೆ ಸಿಕ್ಕಿತು. ಅಲ್ಲಿನ ಓಗೋನಿ ಜನರ ನಾಡಿನಲ್ಲಿ ಜನ ದಂಗೆಯೆದ್ದ ಮೇಲೆ 1993ರಲ್ಲಿ ಎಣ್ಣೆ ತೆಗೆಯುವುದು ನಿಂತಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ತಜ್ಞರು ಅಲ್ಲಿ ಅಧ್ಯಯನ ನಡೆಸಿ 2011ರಲ್ಲಿ ವರದಿ ಕೊಟ್ಟರು. 200ಕ್ಕೂ ಹೆಚ್ಚು ಜಾಗಗಳನ್ನು ನೋಡಿ, 4,000ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದ್ದರು. ಒಂದು ಊರಿನ ಕುಡಿಯುವ ನೀರಿನಲ್ಲಿ, ಕ್ಯಾನ್ಸರಿಗೆ ಕಾರಣವಾಗುವ ಬೆಂಜೀನ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟು ಹೆಚ್ಚಿತ್ತು. ನಾಡು ಮೊದಲಿನಂತಾಗಲು 25ರಿಂದ 30 ವರ್ಷ ಬೇಕು ಎಂದರು.

ಮೊದಲಿನಂತೆ ಎಂದರೆ ಹೇಗೆ? ಎಣ್ಣೆ ತೆಗೆಯಲು ಶುರುಮಾಡಿದ ಕಾಲದಲ್ಲಿ ಆ ಊರುಗಳ ಬಾವಿಯ ನೀರನ್ನು ಶೀಸೆಯಲ್ಲಿ ತುಂಬಿ ಪರೀಕ್ಷಿಸುವ ಪದ್ಧತಿಯೇ ಇರಲಿಲ್ಲ. ಅರ್ಧ ಶತಮಾನದ ನಂತರ ತಜ್ಞರು ಬಂದು, ಖಾಲಿ ಲಾರಿಯ ತೂಕ ಇಲ್ಲದೆ ಲೆಕ್ಕ ಹಾಕಬೇಕಾಯಿತು. ಬಡ ದೇಶಗಳಿಗೆ ಎಣ್ಣೆ ಬೇಗ ಬರುತ್ತದೆ, ಅಳತೆ ತಡವಾಗಿ ಬರುತ್ತದೆ.

ನಮ್ಮಲ್ಲೇ ನೋಡಿ. ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯ ಬಾಘಜಾನ್‌ನಲ್ಲಿ 2020ರ ಮೇ 27ರಂದು ಅನಿಲದ ಬಾವಿಯೊಂದು ಹತೋಟಿ ತಪ್ಪಿ ಚಿಮ್ಮಿತು. ಜೂನ್ 9ರಂದು ಬೆಂಕಿ ಹತ್ತಿ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಬೆಂಕಿ ಪೂರ್ತಿ ಆರಿದ್ದು ನವೆಂಬರಿನಲ್ಲಿ. ಪಕ್ಕದಲ್ಲೇ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನ, ಮಾಗುರಿ-ಮೋಟಾಪುಂಗ್ ಕೆರೆ. ಇಂಥ ಕಡೆ ಮೀನು, ಹಕ್ಕಿ, ಡಾಲ್ಫಿನ್ ಮೊದಲು ಎಷ್ಟಿದ್ದವು ಎಂಬ ಪಟ್ಟಿ ಇದ್ದಷ್ಟೇ ನಷ್ಟದ ಲೆಕ್ಕವೂ ಗಟ್ಟಿ.

ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಸಡಿಲಿಸಿತ್ತು. ಎಣ್ಣೆ, ಅನಿಲ ತೆಗೆಯುವುದಕ್ಕೆ ಹಿಂದಿನಂತೆ ಪೂರ್ಣ ಅಧ್ಯಯನ ಬೇಕು. ಆದರೆ ಇದೆಯೋ ಇಲ್ಲವೋ ಎಂದು ಕೊರೆದು ನೋಡುವ ಶೋಧನೆಯ ಬಾವಿಗಳಿಗೆ ಪರಿಣಾಮ ಅಂದಾಜಿನ ವರದಿಯಾಗಲಿ ಸಾರ್ವಜನಿಕ ಸಭೆಯಾಗಲಿ ಬೇಕಿಲ್ಲದ ದರ್ಜೆ ಕೊಟ್ಟರು. ಶೋಧನೆಯ ಬಾವಿಯೂ ನೆಲದೊಳಗಿನ ನೀರಿನ ಪದರಗಳನ್ನು ದಾಟಿಯೇ ಇಳಿಯುತ್ತದೆ. ಕೊರೆಯುವಾಗ ಹಾಕುವ ರಾಸಾಯನಿಕ ಕೆಸರು, ಆಳದಿಂದ ಮೇಲೆ ಬರುವ ಉಪ್ಪುನೀರು ಇಲ್ಲೂ ಇರುತ್ತವೆ. ನಮ್ಮಂಥ, ಶೋಧನೆ ಮಾತ್ರ ನಡೆಯಬಹುದಾದ ನೆಲಕ್ಕೆ ಈ ಸಡಿಲಿಕೆ ನೇರವಾಗಿ ಸಂಬಂಧಿಸಿದ್ದು.

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಇದಕ್ಕೊಂದು ಜಾಣ ಕಾನೂನಿದೆ. ಅಲ್ಲಿ ಜೇಡಿಶಿಲೆಯಿಂದ ಅನಿಲ ತೆಗೆಯುವಾಗ ಬಾವಿಗಳಲ್ಲಿ ಮೀಥೇನ್ ಕಾಣಿಸಿಕೊಂಡು ಜಗಳಗಳಾದವು. ನಿಮ್ಮಿಂದ ಬಂತು ಎಂದು ಜನ, ಮೊದಲೇ ಇತ್ತು ಎಂದು ಕಂಪನಿ. 2012ರ ಅಲ್ಲಿನ ಕಾಯ್ದೆಯಂತೆ, ಅನಿಲದ ಬಾವಿಯಿಂದ 2,500 ಅಡಿಯೊಳಗೆ, ಕೆಲಸ ಮುಗಿದ 12 ತಿಂಗಳೊಳಗೆ ಕುಡಿಯುವ ನೀರು ಕೆಟ್ಟರೆ ಕಂಪನಿಯೇ ಕಾರಣ ಎಂದು ಹಿಡಿಯಲಾಗುತ್ತದೆ. ತಪ್ಪಿಸಿಕೊಳ್ಳಲು ಇರುವ ದಾರಿಗಳಲ್ಲಿ ಮುಖ್ಯವಾದದ್ದು, ಕೊರೆಯುವ ಮೊದಲೇ ಆ ನೀರು ಕೆಟ್ಟಿತ್ತು ಎಂದು ತೋರಿಸುವ ಪರೀಕ್ಷೆಯ ವರದಿ. ಹೀಗಾಗಿ ಕಂಪನಿಯೇ ಮನೆ ಮನೆಗೆ ಹೋಗಿ ನೀರು ಪರೀಕ್ಷಿಸುತ್ತದೆ. ನಮ್ಮಲ್ಲಿ ಹಾಗಲ್ಲ. ಪುರಾವೆ ತರಬೇಕಾದವನು ಮುತ್ಯಾ.

*

ನಮ್ಮಲ್ಲಿ ನಡೆಯುವ ಅಧ್ಯಯನ ಹೇಗಿರುತ್ತದೆ? ಸಾಮಾನ್ಯವಾಗಿ ಯೋಜನೆಯ ಸುತ್ತ 10 ಕಿಲೋಮೀಟರ್ ಪ್ರದೇಶ. ಮಳೆಗಾಲ ಬಿಟ್ಟು ಒಂದು ಋತು, ಅಂದರೆ ಸುಮಾರು ಮೂರು ತಿಂಗಳ ಅಳತೆ. ಇಷ್ಟು ಸಾಕೇ ಎಂಬುದು ಜಾಗದ ಮೇಲೆ ಅವಲಂಬಿಸಿದೆ. ನಮ್ಮ ಕಾಗಿಣಾ ಶ್ರಾವಣದಲ್ಲಿ ದಂಡೆ ಮೀರುತ್ತದೆ, ವೈಶಾಖದಲ್ಲಿ ಗುಂಡಿಗಳಾಗಿ ನಿಲ್ಲುತ್ತದೆ. ಯಾವ ಮೂರು ತಿಂಗಳ ನದಿ ನಿಜವಾದ ನದಿ? ತೊಗರಿ ಹೂ ಬಿಡುವಾಗಿನ ದೂಳಿಗೂ ಬೇಸಿಗೆಯ ದೂಳಿಗೂ ರೈತನ ಲೆಕ್ಕದಲ್ಲಿ ಬಹಳ ಅಂತರವಿದೆ.

ಇನ್ನೊಂದು ಮಾತು. ನಮ್ಮ ಕಪ್ಪು ಮಣ್ಣಿನ ಕೆಳಗಿರುವುದು ಸೀಳು ಬಿಟ್ಟ ಸುಣ್ಣದಕಲ್ಲು. ಇಲ್ಲಿ ನೀರು ಮರಳಿನಲ್ಲಿ ಜಿನುಗುವಂತೆ ಜಿನುಗುವುದಿಲ್ಲ, ಸೀಳುಗಳಲ್ಲಿ ಹರಿಯುತ್ತದೆ. ಪಕ್ಕದ ಬಾವಿಗೆ ಏನೂ ಆಗದೆ, ದೂರದ ಬಾವಿ ಬತ್ತಬಹುದು, ಕೆಡಬಹುದು. ಆದ್ದರಿಂದ ನಾಲ್ಕೈದು ಬಾವಿಗಳ ಮಾದರಿ ತೆಗೆದು ಇಡೀ ಊರಿನ ಮಾತು ಹೇಳಲಾಗದು. ಚಿಂಚೋಳಿಯ ಕಾಡಿನ ಮಾತು ಬಂದರೆ ಮತ್ತೂ ಕಷ್ಟ. 2011ರಲ್ಲಿ ವನ್ಯಜೀವಿಧಾಮವಾದ ಆ ಒಣ ಕಾಡಿನಲ್ಲಿ ಯಾವ ಗಿಡ ಎಲ್ಲಿದೆ, ಯಾವ ಹಳ್ಳಕ್ಕೆ ಯಾವ ಪ್ರಾಣಿ ನೀರಿಗೆ ಬರುತ್ತದೆ ಎಂಬುದು ತಾಂಡಾದ ಹಿರಿಯರಿಗೆ ಗೊತ್ತು. ಮೂರು ತಿಂಗಳಿಗೆ ಬಂದು ಹೋಗುವವರಿಗೆ ಗೊತ್ತಾಗದು.

ಹಾಗೆಂದು ಎಲ್ಲದಕ್ಕೂ ಕಾರ್ಖಾನೆಯತ್ತ ಬೆರಳು ತೋರಿಸುವುದೂ ವಿಜ್ಞಾನವಲ್ಲ. ಸುಣ್ಣದಕಲ್ಲಿನ ನೀರು ಗಡಸಾಗಿರುವುದು ಅದರ ಗುಣ. ಫ್ಲೋರೈಡ್ ಕೂಡ ಕಲ್ಲಿನಿಂದಲೇ ಬರಬಹುದು. ಗೋಗಿಯಂಥ ಕಡೆ ಯುರೇನಿಯಂ ನೆಲದಲ್ಲೇ ಇದೆ. ಗಣಿ ಬರುವ ಮೊದಲು ನೀರಿನಲ್ಲಿ ಅದೆಷ್ಟಿತ್ತು ಎಂದು ಗೊತ್ತಿದ್ದರೆ ಮಾತ್ರ ಆಮೇಲೆ ಯಾರಾದರೂ ನ್ಯಾಯ ಹೇಳಬಹುದು. ಖಾಲಿ ಲಾರಿಯ ತೂಕ ರೈತನನ್ನು ಕಾಯುತ್ತದೆ, ಪ್ರಾಮಾಣಿಕ ವ್ಯಾಪಾರಿಯನ್ನೂ ಕಾಯುತ್ತದೆ.

ಇದು ನನಗೆ ತಿಳಿದದ್ದು ಮುತ್ಯಾನ ಬಾವಿಯಿಂದಲೇ. ಸಭೆಯಾದ ಮೇಲೆ ನಾಚಿಕೆಯಿಂದ, ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋದೆ. ಸುತ್ತ ಒಂದು ಮೈಲಿಯೊಳಗೆ ಹುಡುಗರು ಬೋರ್‌ವೆಲ್ ಎಣಿಸಿದರು. ಹತ್ತೊಂಬತ್ತು ಸಿಕ್ಕವು. ಅದರಲ್ಲಿ ಎರಡು ಮುತ್ಯಾನ ಮಗನವೇ. ನೀರನ್ನು ಗಣಿ ಎಳೆಯಿತೋ, ಬೋರುಗಳು ಎಳೆದವೋ, ಮಳೆ ಕೈಕೊಟ್ಟಿತೋ? ಮೂರೂ ಸೇರಿರಬಹುದು. ಪಾಲು ಯಾರದೆಷ್ಟು ಎಂದು ಹೇಳಲು ಹಳೆಯ ಅಂಕಿ ಬೇಕಿತ್ತು. "ಮಾಸ್ತರ, ಹಂಗಾರ ನಾ ಸಭಾದಾಗ ಸುಳ್ಳ ಹೇಳಿದ್ನೇನು?" ಎಂದು ಮುತ್ಯಾ ಕೇಳಿದರು. "ಇಲ್ಲ ಮುತ್ಯಾ, ಸುಳ್ಳಲ್ಲ. ಬರೆದಿಡಬೇಕಾದವ ನಾನು ಬರೆದಿಡಲಿಲ್ಲ" ಎಂದೆ.

*

ಆ ದಿನದಿಂದ ನಮ್ಮ ಶಾಲೆಯಲ್ಲಿ ಬಾವಿಯ ವಹಿ ಇದೆ. ಖರ್ಚು ಏನೂ ಇಲ್ಲ. ಅಡಿಗೊಂದು ಗಂಟು ಹಾಕಿದ ಹಗ್ಗ, ತುದಿಗೊಂದು ಕಲ್ಲು, ಒಂದು ಇನ್ನೂರು ಪುಟದ ನೋಟ್‌ಬುಕ್. ಊರಿನ ಎಂಟು ಬಾವಿಗಳಿಗೆ ಕಟ್ಟೆಯ ಮೇಲೆ ಬಣ್ಣದಿಂದ ಗುರುತು ಹಾಕಿದ್ದೇವೆ. ಯಾವಾಗಲೂ ಆ ಗುರುತಿನಿಂದಲೇ ನೀರಿಗೆ ಎಷ್ಟು ಅಡಿ ಎಂದು ಅಳೆಯಬೇಕು. ವರ್ಷಕ್ಕೆ ನಾಲ್ಕು ಸಲ, ಎಳ್ಳಮಾಸಿಗೆ, ಯುಗಾದಿಗೆ, ನಾಗರ ಪಂಚಮಿಗೆ, ದೀಪಾವಳಿಗೆ. ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ವೀಕ್ಷಣಾ ಬಾವಿಗಳನ್ನು ಅಳೆಯುವುದೂ ವರ್ಷಕ್ಕೆ ನಾಲ್ಕೇ ಸಲ, ಹೆಚ್ಚುಕಡಿಮೆ ಇದೇ ಅಂತರದಲ್ಲಿ. ಹಬ್ಬ ಇಟ್ಟುಕೊಂಡರೆ ಮಕ್ಕಳು ಮರೆಯುವುದಿಲ್ಲ. ಅಳೆಯುವ ಹಿಂದಿನ ರಾತ್ರಿ ಪಂಪು ಓಡಿಸಬೇಡಿ ಎಂದು ಬಾವಿಯ ಮಾಲೀಕರಿಗೆ ಹೇಳಿ ಬರುವ ಕೆಲಸವೂ ಮಕ್ಕಳದೇ.

ಪ್ರತಿ ಸಾಲಿನಲ್ಲಿ ತಾರೀಖು, ಅಳೆದವರ ಹೆಸರು, ಆ ವಾರ ಮಳೆ ಬಂದಿತ್ತೋ ಇಲ್ಲವೋ ಎಂಬ ಮಾತು, ಕೊನೆಗೆ ಮುಖ್ಯೋಪಾಧ್ಯಾಯರ ಸಹಿ, ಶಾಲೆಯ ಶಿಕ್ಕಾ. ಇದು ಪ್ರಯೋಗಾಲಯದ ವರದಿಯ ಜಾಗ ತುಂಬುವುದಿಲ್ಲ, ಅಂಥ ಭ್ರಮೆ ನನಗಿಲ್ಲ. ಆದರೆ ಮುಂದೊಂದು ಸಭೆಯಲ್ಲಿ "ಬರೆದಿಟ್ಟೀರಾ?" ಎಂದು ಕೇಳಿದರೆ ಮೇಜಿನ ಮೇಲೆ ಇಡಲು ಒಂದು ವಸ್ತುವಿರುತ್ತದೆ. "ನಿಮ್ಮ ವರದಿಯ ಅಂಕಿಗೂ ನಮ್ಮ ವಹಿಯ ಅಂಕಿಗೂ ಏಕೆ ವ್ಯತ್ಯಾಸ?" ಎಂದು ಕೇಳಲು ಒಂದು ಪ್ರಶ್ನೆಯಿರುತ್ತದೆ.

ಇನ್ನು ಸಭೆಯ ಮಾತು. ಸಾರ್ವಜನಿಕ ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಕರಡು ವರದಿಯನ್ನು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಇಡಬೇಕು. ಅದರ ಸಾರಾಂಶ ಕನ್ನಡದಲ್ಲೂ ಇರಬೇಕು. ಆ 30 ದಿನಗಳಲ್ಲಿ ಊರಿನ ಯಾರಾದರೂ ಓದಿದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕಲಬುರಗಿಗೆ ಕಳುಹಿಸಿ. ಮೂರೇ ಪ್ರಶ್ನೆ ಬರೆದುಕೊಂಡು ಬರಲಿ: ಯಾವ ತಿಂಗಳಲ್ಲಿ ಅಳೆದರು? ಯಾರ ಬಾವಿ, ಯಾರ ಹೊಲ? ಅಳೆದ ದಿನ ಊರಿನವರು ಯಾರಾದರೂ ಜೊತೆಗಿದ್ದರೇ? ನೌಕರಿಯ ಮಾತು, ರೇಟಿನ ಮಾತು ಆಮೇಲೆ ಆಡಬಹುದು. ಅವು ಸಭೆ ಮುಗಿದ ಮೇಲೂ ನಡೆಯುತ್ತವೆ. ಮೂಲಸ್ಥಿತಿಯ ಮಾತು ಆ ದಿನ ತಪ್ಪಿದರೆ ಮತ್ತೆ ಸಿಗುವುದಿಲ್ಲ.

ಪೆಟ್ರೋಲಿನ ಪ್ರಶ್ನೆ ಕೇಳಿದ ಹುಡುಗಿಗೆ ಈ ವರ್ಷದ ವಹಿಯನ್ನು ಒಪ್ಪಿಸಿದ್ದೇನೆ. ಕಳೆದ ಯುಗಾದಿಯ ದಿನ ಬೇವು-ಬೆಲ್ಲ ತಿಂದು ಆಕೆ ಮತ್ತು ಇಬ್ಬರು ಗೆಳತಿಯರು ಮುತ್ಯಾನ ಬಾವಿಗೆ ಹೋಗಿ ಬಂದರು. ಹಗ್ಗ ತಳ ಮುಟ್ಟಿತಂತೆ, ಗಂಟು ನೆನೆಯಲಿಲ್ಲವಂತೆ. "ಸರ್, ನೀರ ಇಲ್ಲ. ಏನ್ ಬರೀಲಿ?" ಎಂದು ಕೇಳಿದಳು.

"ಅದನ್ನೇ ಬರಿ. ತಾರೀಖು ಹಾಕು, ನೀರು ಇಲ್ಲ ಎಂದು ಬರಿ, ಸಹಿ ಮಾಡು" ಎಂದೆ.